ಇದು ಹಾಡೋ, ಮಹಜರೋ?

ತುಮಕೂರಿನ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಹೀಗಿದೆ:

"ಕಳೆದ ಸಂಚಿಕೆಯ ದೊಡ್ಡ ರಾಕ್ ಹಾಡುಗಳ ಪಟ್ಟಿಯಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ 'ಸ್ಮೋಕ್ ಆನ್ ದಿ ವಾಟರ್' ಸೇರಿಸಿದ್ದೀರಿ. ನಮ್ಮ ಮೊಮ್ಮಗ ಗಿಟಾರ್ ಕಲಿಯೋಕೆ ಶುರು ಮಾಡಿದ ಮೇಲೆ ಮನೆಯಲ್ಲಿ ಬೆಳಗ್ಗೆ ಸಂಜೆ ಅದೇ ಟ್ಯೂನ್. ಅಂಥದ್ದೇನಿದೆ ನೋಡೋಣ ಅಂತ ಅವನ ಹತ್ತಿರ ಸಾಹಿತ್ಯ ಓದಿಸಿ ಅರ್ಥ ಕೇಳಿದೆ. ಊರಿಗೆ ಹೋದೆವು, ಬೆಂಕಿ ಬಿತ್ತು, ಬೇರೆ ಜಾಗ ಹುಡುಕಿದೆವು. ಅಷ್ಟೇ! ಪ್ರೀತಿ ಇಲ್ಲ, ವಿರಹ ಇಲ್ಲ, ಉಪಮೆ ಗಿಪಮೆ ಏನೂ ಇಲ್ಲ. ನಾನು ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಬೆಂಕಿ ಅವಘಡದ ಮಹಜರು ಎಷ್ಟೋ ಬರೆದಿದ್ದೇನೆ. ಇದೂ ಅದೇ ಜಾತಿ. ಐವತ್ತು ವರ್ಷದಿಂದ ಜನ ಇದಕ್ಕೆ ಮುಗಿಬೀಳುವುದು ಯಾಕೆ? ಹೊಗೆ ಅಂದರೆ ಗಾಂಜಾ ಅಂತಲೂ ಪರಿಚಯದವರೊಬ್ಬರು ಹೇಳಿದರು. ನಿಜವೇ?"

ಸಂಪಾದಕರ ಉತ್ತರ:

ನಮಸ್ಕಾರ ಸಾರ್,

'ಮಹಜರು' ಅನ್ನುವ ನಿಮ್ಮ ಮಾತು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ 'ಹೌದಲ್ವಾ' ಅಂತ ತಲೆದೂಗಿದರು. ನಾನೂ ಒಪ್ಪುತ್ತೇನೆ. ಸ್ಥಳ ಇದೆ, ಸಾಕ್ಷಿ ಇದೆ, ನಷ್ಟದ ವಿವರ ಇದೆ. ನನ್ನ ತಕರಾರು ಇಷ್ಟೇ: ಮಹಜರಾಗಿದ್ದರಿಂದಲೇ ಆ ಹಾಡು ಉಳಿಯಿತು ಅಂತ ನನಗೆ ಅನಿಸುತ್ತದೆ.

ಮೊದಲು ಗಾಂಜಾ ವಿಷಯ ಮುಗಿಸಿಬಿಡೋಣ. ಅದು ಸುಳ್ಳು. ಆದರೆ ನಿಮ್ಮ ಪರಿಚಯದವರನ್ನು ಬೈಯಬೇಡಿ. ಹಾಡಿದ ಇಯಾನ್ ಗಿಲನ್‌ಗೇ ಈ ಹೆಸರು ಕೇಳಿದಾಗ ಅದೇ ಅಳುಕಿತ್ತು. ಜನ ಇದನ್ನು ನಶೆಯ ಹಾಡು ಅಂದುಕೊಳ್ಳುತ್ತಾರೆ ಅಂತ ಅವರು ಹಿಂದೇಟು ಹಾಕಿದ್ದರು. ಹಾಡಿನಲ್ಲಿರುವ ಹೊಗೆ ನಿಜವಾದ ಹೊಗೆ, ನೀರು ನಿಜವಾದ ಕೆರೆಯ ನೀರು. ಸ್ವಿಟ್ಜರ್‌ಲೆಂಡಿನ ಜಿನೀವಾ ಸರೋವರ.

ಆ ಸರೋವರದ ದಂಡೆಯಲ್ಲಿ ಮಾಂಟ್ರೋ ಅಂತ ಒಂದು ಊರಿದೆ. ಡೀಪ್ ಪರ್ಪಲ್‌ನ ಐದು ಜನ ಬ್ರಿಟಿಷರು, ಅಂದರೆ ಗಿಲನ್, ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್, ಬೇಸ್ ಗಿಟಾರಿನ ರೋಜರ್ ಗ್ಲೋವರ್, ಆರ್ಗನ್ ನುಡಿಸುವ ಜಾನ್ ಲಾರ್ಡ್, ಡ್ರಮ್ಸ್‌ನ ಇಯಾನ್ ಪೇಸ್, 1971ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಬಂದಿಳಿದರು. ಹೊಸ ಆಲ್ಬಂ ಮಾಡಬೇಕಿತ್ತು. ಊರಿನ ಕ್ಯಾಸಿನೊದಲ್ಲಿ ದೊಡ್ಡ ಸಭಾಂಗಣವಿತ್ತು. ಚಳಿಗಾಲಕ್ಕೆ ಕ್ಯಾಸಿನೊ ಬಾಗಿಲು ಹಾಕುತ್ತದೆ, ಖಾಲಿ ಹಾಲ್‌ನಲ್ಲಿ ನೆಮ್ಮದಿಯಾಗಿ ರೆಕಾರ್ಡಿಂಗ್ ಮಾಡಬಹುದು ಅನ್ನುವುದು ಲೆಕ್ಕ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರದ್ದು ಒಂದು ಲಾರಿ ಇತ್ತು, ಅದರೊಳಗೇ ಪೂರ್ತಿ ಸ್ಟುಡಿಯೋ. ಅದನ್ನು ಬಾಡಿಗೆಗೆ ತಂದಿದ್ದರು.

ಬಾಗಿಲು ಹಾಕುವ ಮುಂಚೆ ಕೊನೆಯದಾಗಿ ಒಂದು ಕಾರ್ಯಕ್ರಮ ಬಾಕಿ ಇತ್ತು. ಡಿಸೆಂಬರ್ 4, ಶನಿವಾರ. ಅಮೆರಿಕದ ಫ್ರ್ಯಾಂಕ್ ಝಾಪಾ ಮತ್ತು ಅವರ ಬ್ಯಾಂಡ್ 'ದಿ ಮದರ್ಸ್ ಆಫ್ ಇನ್ವೆನ್ಷನ್'. ಸಿಂಥಸೈಜರ್‌ನ ಸೋಲೋ ನಡೆಯುತ್ತಿದ್ದಾಗ ಪ್ರೇಕ್ಷಕರ ನಡುವಿನಿಂದ ಯಾರೋ ಫ್ಲೇರ್ ಗನ್ ಹಾರಿಸಿದರು. ಹಡಗಿನವರು ಸಹಾಯ ಬೇಕಾದಾಗ ಆಕಾಶಕ್ಕೆ ಬೆಂಕಿಯುಂಡೆ ಹಾರಿಸುತ್ತಾರಲ್ಲ, ಆ ಪಿಸ್ತೂಲು. ಚಾವಣಿಗೆ ಹೊದಿಸಿದ್ದು ಬೆತ್ತ. ಒಣಗಿದ ಬೆತ್ತಕ್ಕೆ ಕಿಡಿ ತಾಗಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಕಾರ್ಯಕ್ರಮವನ್ನು ಯಾರೋ ಕದ್ದು ರೆಕಾರ್ಡ್ ಮಾಡಿದ್ದರು. ಗಾಬರಿಯಾಗಬೇಡಿ, ಸಮಾಧಾನವಾಗಿ ಬಾಗಿಲ ಕಡೆ ನಡೆಯಿರಿ ಅಂತ ಝಾಪಾ ಮೈಕಿನಲ್ಲಿ ಜನರಿಗೆ ಹೇಳುವುದು ಅದರಲ್ಲಿ ಕೇಳಿಸುತ್ತದೆ. ಒಂದು ಜೀವವೂ ಹೋಗಲಿಲ್ಲ. ಕಟ್ಟಡ ಮಾತ್ರ ಸುಟ್ಟು ಹೋಯಿತು, ಝಾಪಾ ತಂಡದ ವಾದ್ಯಗಳೆಲ್ಲ ಒಳಗೇ ಉರಿದವು.

ಈ ಸಮಯದಲ್ಲಿ ಓಡಾಡಿದ ಒಬ್ಬರ ಹೆಸರನ್ನು ಹಾಡು ಹೇಳುತ್ತದೆ. ಕ್ಲೋಡ್ ನಾಬ್ಸ್. ಮಾಂಟ್ರೋ ಜಾಝ್ ಉತ್ಸವ ಕಟ್ಟಿದವರು. ಒಳಗೇ ಅವಿತುಕೊಂಡರೆ ಬಚಾವು ಅಂದುಕೊಂಡಿದ್ದ ಹುಡುಗರನ್ನು ಅವರು ಹೊರಗೆಳೆದು ತಂದರು. ಬೆಂಕಿ ಹಚ್ಚಿದವನು ಮಾತ್ರ ಹಾಡಿನಲ್ಲಿ ಬರೀ 'ಯಾವನೋ ದಡ್ಡ'. ನೀವು ಗಮನಿಸಿದಿರೋ ಇಲ್ಲವೋ, ನಿಮ್ಮ ಮಹಜರಿಗೂ ಈ ಹಾಡಿಗೂ ಇಲ್ಲೊಂದು ವ್ಯತ್ಯಾಸವಿದೆ. ಠಾಣೆಯ ಕಾಗದದಲ್ಲಿ ಆರೋಪಿಯ ಹೆಸರು ಮುಂದೆ ಬರುತ್ತದೆ, ಇಲ್ಲಿ ಕಾಪಾಡಿದವನದು. ನಾಬ್ಸ್ 2013ರಲ್ಲಿ ತೀರಿಕೊಂಡರು. ಜಾಝ್ ಬಗ್ಗೆ ಏನೂ ಗೊತ್ತಿಲ್ಲದ ಕೋಟ್ಯಂತರ ಜನರಿಗೆ ಅವರ ಹೆಸರು ಗೊತ್ತಿರುವುದು ಈ ಒಂದು ಸಾಲಿನಿಂದ.

ಡೀಪ್ ಪರ್ಪಲ್‌ನವರು ಹೋಟೆಲಿನ ಕಿಟಕಿಯಿಂದ ನೋಡುತ್ತಿದ್ದರು. ತಾವು ರೆಕಾರ್ಡಿಂಗ್ ಮಾಡಬೇಕಿದ್ದ ಜಾಗ ಕಣ್ಣೆದುರೇ ಉರಿಯುತ್ತಿದೆ, ಹೊಗೆ ಇಳಿದು ಸರೋವರದ ಮೇಲೆ ಹಾಸಿಕೊಂಡಿದೆ. ಕೆಲವು ದಿನಗಳ ನಂತರ ನಿದ್ದೆಯಿಂದ ಎಚ್ಚರಾಗುವ ಹೊತ್ತಿಗೆ ಗ್ಲೋವರ್ ಬಾಯಲ್ಲಿ ಹಾಡಿನ ಹೆಸರು ಬಂದಿತ್ತಂತೆ.

ಈಗ ನಿಮಗೆ ಇಷ್ಟವಾಗುವ ಭಾಗ. ಇದರಲ್ಲಿ ಪೊಲೀಸರೂ ಇದ್ದಾರೆ.

ನಾಬ್ಸ್ ಅವರೇ ಊರೊಳಗೆ ಪೆವಿಲಿಯನ್ ಅನ್ನುವ ಥಿಯೇಟರ್ ಕೊಡಿಸಿದರು. ಬ್ಯಾಂಡಿನವರು ಅಲ್ಲಿ ರಾತ್ರಿ ಹೊತ್ತು ಜೋರಾಗಿ ನುಡಿಸತೊಡಗಿದರು. ಅಕ್ಕಪಕ್ಕದವರು ನಿದ್ದೆಗೆಟ್ಟು ದೂರು ಕೊಟ್ಟರು. ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದಾರೆ, ಒಳಗೆ ಬ್ಯಾಂಡಿನ ಸಹಾಯಕರು ಬಾಗಿಲಿಗೆ ಮೈಕೊಟ್ಟು ಒತ್ತಿ ಹಿಡಿದಿದ್ದಾರೆ, ಈಚೆ ರೆಕಾರ್ಡಿಂಗ್ ನಡೀತಾ ಇದೆ! ಒಂದು ಟ್ಯೂನ್ ಪೂರ್ತಿ ಸಿಗುವವರೆಗೆ ಬಾಗಿಲು ತೆಗೆಯಲಿಲ್ಲ. ನಿಮ್ಮ ಮೊಮ್ಮಗ ನುಡಿಸುವುದು ಇದೇ ಟ್ಯೂನ್. ಆಗ ಅದಕ್ಕೆ ಸಾಹಿತ್ಯವೂ ಇರಲಿಲ್ಲ, ಹೆಸರೂ ಇರಲಿಲ್ಲ. (ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ ಅಂತ ನೀವು ಕೇಸು ಹಾಕುತ್ತಿದ್ದಿರೇನೋ. ಸದ್ಯ, ಆ ರಾತ್ರಿ ಡ್ಯೂಟಿ ನಿಮ್ಮದಾಗಿರಲಿಲ್ಲ.)

ಅಲ್ಲಿಂದಲೂ ಗಂಟುಮೂಟೆ ಕಟ್ಟಬೇಕಾಯಿತು. ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಒಲೆ ಇಲ್ಲ, ಜನ ಇಲ್ಲ, ಕೊರೆಯುವ ಚಳಿ. ಕಾರಿಡಾರಿನಲ್ಲಿ ಹಾಸಿಗೆಗಳನ್ನು ಎತ್ತಿ ನಿಲ್ಲಿಸಿ ಸದ್ದು ತಡೆದರು. ಲಾರಿ ಹೊರಗೆ, ವಾದ್ಯಗಳು ಒಳಗೆ, ನಡುವೆ ಉದ್ದಕ್ಕೆ ಎಳೆದ ಕೇಬಲ್ಲು. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ಕೋಣೆ, ಬಾಲ್ಕನಿ, ಬಾಗಿಲು ಒಂದೊಂದೇ ದಾಟಿ ಹೊರಗಿನ ಲಾರಿಯವರೆಗೆ ಹೋಗಬೇಕು. ಒಂದೆರಡು ಸಲ ಹೋಗಿಬಂದು ಬೇಸತ್ತು, ಸಹವಾಸ ಸಾಕು ಅಂತ ಕೇಳುವುದನ್ನೇ ಬಿಟ್ಟರು. ಚೆನ್ನಾಗಿ ಬಂತು ಅಂತ ಮನಸ್ಸಿಗೆ ಅನಿಸಿದರೆ ಮುಂದಿನ ಹಾಡು. ಹೀಗೆ ತಯಾರಾದ 'ಮಷೀನ್ ಹೆಡ್' ಆಲ್ಬಂನಲ್ಲಿ ಒಂದು ಹಸಿತನ ಇದೆಯಲ್ಲ, ಅದಕ್ಕೆ ಅರ್ಧ ಕಾರಣ ಈ ಸೋಮಾರಿತನ ಅಂತ ನನ್ನ ಗುಮಾನಿ.

ಕೊನೆಯಲ್ಲಿ ನೋಡಿದರೆ ಆಲ್ಬಂಗೆ ಕೆಲವು ನಿಮಿಷ ಸಾಲುತ್ತಿಲ್ಲ. ರೆಕಾರ್ಡಿಂಗ್ ಎಂಜಿನಿಯರ್ ಮಾರ್ಟಿನ್ ಬರ್ಚ್ ಅದನ್ನು ಎತ್ತಿ ತೋರಿಸಿದರು. ಪೊಲೀಸರು ಬಾಗಿಲು ಬಡಿದ ರಾತ್ರಿಯ ಟ್ಯೂನ್ ಹಾಗೇ ಬಿದ್ದಿತ್ತಲ್ಲ? ಅದನ್ನು ಹೊರತೆಗೆದರು. ಸಾಹಿತ್ಯಕ್ಕೆ ಏನು ಮಾಡೋದು? ಪ್ರೇಮಕಥೆ ಹೆಣೆಯೋಕೆ ಪುರುಸೊತ್ತಿರಲಿಲ್ಲ. ಆ ದಿನಗಳಲ್ಲಿ ಆದದ್ದನ್ನೇ ಗಿಲನ್ ಮತ್ತು ಗ್ಲೋವರ್ ಕೂತು ಬರೆದರು. ನಾವು ಬಂದೆವು, ಲಾರಿ ತಂದೆವು, ಬೆಂಕಿ ಬಿತ್ತು, ಹೋಟೆಲ್ ಖಾಲಿ ಹೊಡೆಯುತ್ತಿತ್ತು, ಕೆಂಪು ದೀಪ ಹಾಕಿದೆವು, ಹಳೇ ಮಂಚ ಜೋಡಿಸಿದೆವು, ಬೆವರು ಸುರಿಸಿದೆವು. ನಿಮಗೆ ಮಹಜರು ಅನಿಸಿದ್ದು ಸಹಜ.

ನನಗೆ ಬಹಳ ಇಷ್ಟವಾಗುವುದು ಇದೇ ಸಾರ್. ಆ ಕಾಲದ ಎಷ್ಟೋ ರಾಕ್ ಹಾಡುಗಳಲ್ಲಿ ಮಾಟಗಾತಿಯರು, ಬೇರೆ ಗ್ರಹಗಳು, ಅರ್ಥವಾಗದ ಒಗಟುಗಳು. ಇವತ್ತು ಓದಿದರೆ ನಗು ಬರುತ್ತದೆ. ಈ ಹಾಡಿಗೆ ಆ ಗತಿ ಬಂದಿಲ್ಲ. ಆದದ್ದನ್ನು ಆದಂತೆ ಹೇಳಿದೆ, ಅತ್ತಿಲ್ಲ, ಯಾರಿಗೂ ಶಾಪ ಹಾಕಿಲ್ಲ. ಕೆಲಸ ನಿಂತಿತು, ಬೇರೆ ಜಾಗ ಹುಡುಕಿ ಮುಗಿಸಿದೆವು. ಊರು ಬಿಟ್ಟು ಊರಿಗೆ ಹೋಗಿ ಕೆಲಸ ಮಾಡಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ಬೆಂಕಿ ಬೀಳದೇ ಹೋಗಿದ್ದರೆ ಆಲ್ಬಂ ಹೇಗೋ ಆಗುತ್ತಿತ್ತು, ಹಾಡು ಮಾತ್ರ ಹುಟ್ಟುತ್ತಿರಲಿಲ್ಲ.

ಬರೀ ಟ್ಯೂನಿನಿಂದ ಗೆದ್ದಿತು ಅನ್ನುವವರೂ ಇದ್ದಾರೆ. ಟ್ಯೂನು ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಗಿಟಾರ್ ಕಲಿಯುವವರ ಲೆಕ್ಕದಲ್ಲಿ, ಅಂದರೆ ತಂತಿಯ ಮೇಲೆ ಬೆರಳಿಡುವ ಮನೆಗಳ ಸಂಖ್ಯೆಯಲ್ಲಿ, ಅದು 'ಸೊನ್ನೆ ಮೂರು ಐದು, ಸೊನ್ನೆ ಮೂರು ಆರು ಐದು, ಸೊನ್ನೆ ಮೂರು ಐದು, ಮೂರು ಸೊನ್ನೆ'. ಒಂದೇ ತಂತಿ, ನಾಲ್ಕೇ ಸ್ವರ. ನಮ್ಮ ಲೆಕ್ಕದಲ್ಲಿ ಬರೆದರೆ: ಸ ಗ ಮ, ಸ ಗ ಮಿ ಮ, ಸ ಗ ಮ, ಗ ಸ. ಗ ಅಂದರೆ ಸಾಧಾರಣ ಗಾಂಧಾರ, ಮ ಶುದ್ಧ ಮಧ್ಯಮ, ಮಿ ಪ್ರತಿ ಮಧ್ಯಮ. ಎರಡು ಮಧ್ಯಮಗಳು ಒಂದರ ಪಕ್ಕ ಒಂದು! ನಮ್ಮ ಮೇಳಕರ್ತ ರಾಗಗಳಲ್ಲಿ ಹೀಗೆ ಬರುವುದಿಲ್ಲ, ಹಿಂದೂಸ್ತಾನಿಯ ಲಲಿತ್‌ನಲ್ಲಿ ಬರುತ್ತದೆ. ಲಲಿತ್‌ಗೂ ಇದಕ್ಕೂ ನಂಟೇನಿಲ್ಲ ಬಿಡಿ. ಇದು ಅಮೆರಿಕದ ಕಪ್ಪು ಜನರ ಬ್ಲೂಸ್‌ನಿಂದ ಬಂದ ಸ್ವರಗಳು. ಆ ಮಿ ಒಂದು ಕ್ಷಣ ಚುಚ್ಚಿ ಮ-ಗೆ ಇಳಿಯುತ್ತದೆ ನೋಡಿ, ಇಡೀ ಟ್ಯೂನಿನ ಜೀವ ಅಲ್ಲಿದೆ. ಬೀಥೋವನ್‌ನ ಐದನೇ ಸಿಂಫನಿಯನ್ನು ತಿರುಗಿಸಿ ಹಾಕಿದ್ದು, ಅವರಿಗೆ ನಾನು ತುಂಬಾ ದುಡ್ಡು ಬಾಕಿ ಅಂತ ಬ್ಲ್ಯಾಕ್‌ಮೋರ್ ಒಮ್ಮೆ ತಮಾಷೆ ಮಾಡಿದ್ದರು.

ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಬಹಳ ಜನ ತಪ್ಪಾಗಿ ನುಡಿಸುತ್ತಾರೆ ಅಂತ ಯಾರೂ ಹೇಳುವುದಿಲ್ಲ. ಬ್ಲ್ಯಾಕ್‌ಮೋರ್ ಒಂದು ತಂತಿಯಲ್ಲಿ ನುಡಿಸಿದ್ದಲ್ಲ. ಪ್ರತಿ ಸ್ವರಕ್ಕೂ ಕೆಳಗೆ ಇನ್ನೊಂದು ಸ್ವರ ಇದೆ, ಸ ಜತೆಗೆ ಮಂದ್ರದ ಪ ಇದ್ದಂತೆ. ಎರಡು ತಂತಿಗಳನ್ನು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಇಲ್ಲದೆ ಬೆರಳುಗಳಿಂದ ಒಟ್ಟಿಗೆ ಮೀಟಿದ್ದಾರೆ. ಅದರ ಜತೆಗೆ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸಿ ಸದ್ದು ಸೀಳುವಂತೆ ಮಾಡಿದ್ದಾರೆ. ಗಿಟಾರ್ ಅಂದುಕೊಂಡು ನಾವು ಕೇಳುವುದರಲ್ಲಿ ಅರ್ಧ ಆರ್ಗನ್.

ತಮಾಷೆ ಏನಂದರೆ, ಮಾಡಿದವರಿಗೇ ಈ ಹಾಡಿನ ಮೇಲೆ ಅಂಥ ಭರವಸೆ ಇರಲಿಲ್ಲ. 1972ರ ಮಾರ್ಚ್‌ನಲ್ಲಿ ಆಲ್ಬಂ ಬಂದಾಗ ಹಿಟ್ ಆಗುತ್ತದೆ ಅಂತ ಅವರು ನೆಚ್ಚಿಕೊಂಡಿದ್ದು 'ನೆವರ್ ಬಿಫೋರ್' ಅನ್ನುವ ಬೇರೆ ಹಾಡನ್ನು. ಅದು ಇವತ್ತು ಎಷ್ಟು ಜನರಿಗೆ ನೆನಪಿದೆ? ಅಮೆರಿಕದಲ್ಲಿ 'ಸ್ಮೋಕ್' ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಹೊರಬಂದದ್ದು 1973ರಲ್ಲಿ. ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು.

ಇನ್ನೊಂದು ಸಂಗತಿ ಹೇಳಲೇಬೇಕು. 1988ರ ಡಿಸೆಂಬರ್‌ನಲ್ಲಿ ಆರ್ಮೇನಿಯಾದಲ್ಲಿ ಭಾರೀ ಭೂಕಂಪವಾಯಿತು. ಊರೂರೇ ನೆಲಸಮವಾಗಿ ಸಾವಿರಾರು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಕಳೆದುಕೊಂಡರು. ಪರಿಹಾರಕ್ಕೆ ಹಣ ಸೇರಿಸಲು ಬ್ರಿಟನ್ನಿನ ರಾಕ್ ಸಂಗೀತಗಾರರು 1989ರಲ್ಲಿ ಒಟ್ಟು ಸೇರಿದರು. ಕ್ವೀನ್‌ನ ಬ್ರಯಾನ್ ಮೇ, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್, ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ, ಐರನ್ ಮೇಡನ್‌ನ ಬ್ರೂಸ್ ಡಿಕಿನ್‌ಸನ್, ಇಯಾನ್ ಗಿಲನ್. ಎಲ್ಲರೂ ಕೂಡಿ ಹಾಡಲು ಆರಿಸಿಕೊಂಡದ್ದು ಇದೇ ಹಾಡನ್ನು. ಎಲ್ಲರಿಗೂ ಬರುವ ಹಾಡು ಅಂತ ಆರಿಸಿರಬಹುದು. ಆದರೆ ಇರುವ ಜಾಗ ಕಣ್ಣೆದುರೇ ಹೋಯಿತು, ಬೇರೆ ಜಾಗ ಹುಡುಕಬೇಕು ಅನ್ನುವ ಸಾಲುಗಳನ್ನು ಆ ಹೊತ್ತಿನಲ್ಲಿ ಕೇಳಿ ನೋಡಿ. ಪದ ಒಂದೂ ಬದಲಾಗಿಲ್ಲ, ಭಾರ ಬೇರೆ.

ಸುಟ್ಟ ಕ್ಯಾಸಿನೊ ಜಾಗದಲ್ಲಿ 1975ರ ಹೊತ್ತಿಗೆ ಹೊಸ ಕಟ್ಟಡ ಎದ್ದಿತು. ಸರೋವರದ ದಂಡೆಯಲ್ಲಿ ಬ್ಯಾಂಡಿನ ಹೆಸರು, ಟ್ಯೂನಿನ ಸ್ವರಲಿಪಿ ಇರುವ ಸ್ಮಾರಕವನ್ನೂ ಊರಿನವರು ನಿಲ್ಲಿಸಿದ್ದಾರೆ. ಒಂದು ಬೆಂಕಿ ಅವಘಡಕ್ಕೆ ಸ್ಮಾರಕ! ನಿಮ್ಮ ಯಾವ ಮಹಜರಿಗೂ ಈ ಭಾಗ್ಯ ಸಿಕ್ಕಿರಲಿಕ್ಕಿಲ್ಲ.

ಈಗ ನಿಮ್ಮ ಮನೆಯ ಸಮಸ್ಯೆಗೆ ಬರೋಣ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಆಲ್ಬಂನಲ್ಲಿರುವ ಹಾಡನ್ನೇ ಕೇಳಿ. ಶುರುವಿನಲ್ಲಿ ಗಿಟಾರ್ ಒಂದೇ. ಆಮೇಲೆ ತಾಳದ ತಟ್ಟೆ ಮತ್ತು ಆರ್ಗನ್, ಆಮೇಲೆ ಪೂರ್ತಿ ಡ್ರಮ್ಸ್, ಆಮೇಲೆ ಬೇಸ್, ಕಡೆಗೆ ಗಿಲನ್ ದನಿ. ಒಬ್ಬೊಬ್ಬರೇ ಒಳಗೆ ಬರುವುದನ್ನು ಗುರುತು ಹಿಡಿಯಿರಿ, ಸಾಕ್ಷಿಗಳನ್ನು ಕರೆಸಿ ಅಭ್ಯಾಸವಿರುವ ನಿಮಗೆ ಇದು ಕಷ್ಟವಾಗದು. ಅದು ಹಿಡಿಸಿದರೆ 1972ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ವೇದಿಕೆಯ ಮೇಲೆ ನುಡಿಸಿದ್ದು 'ಮೇಡ್ ಇನ್ ಜಪಾನ್' ಆಲ್ಬಂನಲ್ಲಿದೆ. ನನಗೆ ಅದೇ ಜಾಸ್ತಿ ಇಷ್ಟ. ಇನ್ನು ಹುಡುಗನಿಗೆ ಬೈಯೋದು ಬೇಡ. ಪಿಕ್ ಪಕ್ಕಕ್ಕಿಟ್ಟು ಎರಡು ತಂತಿಯಲ್ಲಿ ಬೆರಳಿಂದ ನುಡಿಸು ಅಂತ ಹೇಳಿ. ಸರಿಯಾಗಿ ಬರುವವರೆಗೆ ಒಂದೆರಡು ವಾರ ಗಿಟಾರ್ ಸದ್ದು ಕಡಿಮೆಯೇ ಇರುತ್ತದೆ.