ಪಚ್ಚೆಮಲೆ ದಾಟಿದರೆ ಪವಳಮಲೆ

ಓದುಗರ ಪತ್ರ: ಸಂಪಾದಕರೇ, ನಾನೊಂದು ಮಾಯಾಲೋಕದ ಕಾದಂಬರಿ ಬರೆಯುತ್ತಿದ್ದೇನೆ. ಅರ್ಧ ಮುಗಿದಿದೆ. ಊರುಗಳಿಗೆ ಹೆಸರಿಡುವುದೇ ತಲೆನೋವು. ಹೊರದೇಶದ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ: ಟ್ರಾನ್ಸಿಲ್ವೇನಿಯಾ, ಮಾಂಟೆನೆಗ್ರೊ, ಐಸ್‌ಲ್ಯಾಂಡಿನ ಡಿಮ್ಮುಬೋರ್ಗಿರ್. ನಮ್ಮಲ್ಲಿ ಏನಿದೆ? ನಮ್ಮೂರು ಹೊಸಹಳ್ಳಿ. ಪಕ್ಕದ್ದು ಕೆರೆಹಳ್ಳಿ. ಅದಕ್ಕೇ ನನ್ನ ರಾಜ್ಯಕ್ಕೆ ಝರ್ವಾನಿಯಾ ಎಂದು ಹೆಸರಿಟ್ಟಿದ್ದೇನೆ. ಸರಿ ಅಲ್ವಾ? ಝಾರ್ವೇನಿಯದ ನಕ್ಷೆಯನ್ನೂ ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ: ನಕ್ಷೆ ಚೆನ್ನಾಗಿದೆ. ಹೆಸರಿನ ಬಗ್ಗೆ ಮಾತ್ರ ನನ್ನದೊಂದು ತಕರಾರು.

ನಿಮಗೆ ಜುಮ್ಮೆನಿಸಿದ ಹೆಸರುಗಳನ್ನೇ ಮೊದಲು ಬಿಡಿಸಿ ನೋಡೋಣ. ಟ್ರಾನ್ಸಿಲ್ವೇನಿಯಾ ಅಂದರೆ ಲ್ಯಾಟಿನ್‌ನಲ್ಲಿ 'ಕಾಡಿನ ಆಚೆ', ಅಷ್ಟೇ. ಮಾಂಟೆನೆಗ್ರೊ ಅಂದರೆ ಕರೀ ಬೆಟ್ಟ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಕರಿಘಟ್ಟ ಇದೆ, ಅರ್ಥವೂ ಅದೇ. ಅಲ್ಲಿಗೆ ಹೋದವರು ಶ್ರೀನಿವಾಸನಿಗೆ ಕೈಮುಗಿದು, ಕಟ್ಟಿಕೊಂಡು ಹೋದ ಪುಳಿಯೋಗರೆ ತಿಂದು ಬರುತ್ತಾರೆ. ಯಾರಿಗೂ ಜುಮ್ಮೆನ್ನುವುದಿಲ್ಲ. ಡಿಮ್ಮುಬೋರ್ಗಿರ್ ಅಂದರೆ 'ಕತ್ತಲ ಕೋಟೆಗಳು'. ಲಾವಾ ಹೆಪ್ಪುಗಟ್ಟಿ ನಿಂತ ಬಂಡೆಗಳಿಗೆ ಅಲ್ಲಿನವರು ಇಟ್ಟ ಹೆಸರು. ಇದು ಒಳ್ಳೆಯ ಹೆಸರೇ, ಒಪ್ಪುತ್ತೇನೆ. ಆದರೆ ಕುಮಟಾ ಕಡೆ ಕಾಡಿನ ನಡುವೆ ನಿಂತಿರುವ ಯಾಣದ ಬಂಡೆಗಳೇನು ಕಡಿಮೆಯೇ? ಕಪ್ಪು ಸುಣ್ಣಕಲ್ಲಿನ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಪಕ್ಕದಲ್ಲಿ ಮೋಹಿನಿ ಶಿಖರ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋದದ್ದು ಇಲ್ಲೇ ಅನ್ನುತ್ತಾರೆ. ನಂಬದವರಿಗೆ ಅಲ್ಲಿನ ಕಪ್ಪು ಮಣ್ಣು ತೋರಿಸುತ್ತಾರೆ. 'ಸೊಕ್ಕಿದ್ರೆ ಯಾಣ, ರೊಕ್ಕಿದ್ರೆ ಗೋಕರ್ಣ' ಎಂಬ ಗಾದೆ ಬೇರೆ.

ಅರ್ಥ ಗೊತ್ತಿಲ್ಲದ ಹೆಸರು ಮಂತ್ರದ ಹಾಗೆ ಕೇಳುತ್ತದೆ. ಅರ್ಥ ಗೊತ್ತಿದ್ದರೂ ದಿನಾ ಕೇಳುವ ಹೆಸರು ಕಿವಿಗೇ ಬೀಳುವುದಿಲ್ಲ. ಮೇಕೆದಾಟು ಅಂದರೆ ನಿಮಗೇನು ನೆನಪಾಗುತ್ತದೆ? ಅಣೆಕಟ್ಟೆ, ಪಾದಯಾತ್ರೆ, ಕೋರ್ಟು. ಬಂಡೆಗಳ ನಡುವೆ ಕಾವೇರಿ ಅಷ್ಟು ಇಕ್ಕಟ್ಟಾಗಿ ನುಗ್ಗುವ ಜಾಗದಲ್ಲಿ, ಹುಲಿ ಅಟ್ಟಿಸಿಕೊಂಡು ಬಂದಾಗ ಒಂದು ಮೇಕೆ ಆಚೆ ದಡಕ್ಕೆ ಹಾರಿತಂತೆ. ಆ ಮೇಕೆಯನ್ನು ಪೇಪರಿನವರಾದ ನಾವೇ ಮರೆಸಿಬಿಟ್ಟಿದ್ದೇವೆ. ಇನ್ನೂ ಕೆಳಗೆ ತಮಿಳುನಾಡಿಗೆ ಹೋದರೆ ಹೊಗೇನಕಲ್: ನೀರಿನ ತುಂತುರು ಹೊಗೆಯ ಹಾಗೆ ಏಳುವ ಕಲ್ಲು. ಹೆಸರು ಮಾತ್ರ ಕನ್ನಡದ್ದೇ. ಅಘನಾಶಿನಿ ನದಿ ಉಂಚಳ್ಳಿಯಲ್ಲಿ ಬೀಳುವ ಜಾಗಕ್ಕೆ ಊರವರ ಹೆಸರು ಕೆಪ್ಪಜೋಗ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆ, ಅದಕ್ಕೆ. ನದಿಯ ಹೆಸರಿಗೆ 'ಪಾಪ ನಾಶ ಮಾಡುವವಳು' ಎಂದರ್ಥ. ಪಾಪ ನಾಶ ಮಾಡುವ ಹೊಳೆ ಕಿವಿ ಕಿತ್ತುಕೊಳ್ಳುವ ಜಲಪಾತಕ್ಕೆ ಬೀಳುತ್ತದೆ. ಇದನ್ನು ನಾನಾಗಲೀ ನೀವಾಗಲೀ ಕೂತು ಕಟ್ಟಲು ಆಗುತ್ತಿತ್ತಾ?

ನಕ್ಷೆಯೇ ಬೇಕು ಅಂದರೆ ಮಲೆ ಮಹದೇಶ್ವರ ಬೆಟ್ಟದ ಕಡೆ ನೋಡಿ. ಮಾದಪ್ಪನದು ಎಪ್ಪತ್ತೇಳು ಮಲೆ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಹಿಂದೆ ಕಂಸಾಳೆ ಬಡಿದ ಹಾಗೆ ಆಗುತ್ತದೆ. ನಾವು ಹವಳ ಅನ್ನುವುದು ಅಲ್ಲಿ ಇನ್ನೂ ಹಳಗನ್ನಡದ ಪವಳವಾಗಿಯೇ ಕೂತಿದೆ. ಆದರೆ ಇವು ಬರೀ ಹಾಡಿನ ಹೆಸರುಗಳಲ್ಲ. ಪೊನ್ನಾಚಿ ಇವತ್ತಿಗೂ ಒಂದು ಊರು.

ನನಗೆ ತುಂಬಾ ಇಷ್ಟದ್ದು ಬೇರೊಂದಿದೆ. ಗಂಗಾವತಿಯಿಂದ ಸ್ವಲ್ಪ ದೂರ ಹಿರೇಬೆಣಕಲ್ ಎಂಬ ಊರು. ಅದರ ಹಿಂದಿನ ಬೆಟ್ಟವೇ ಮೋರ್ಯರ ಗುಡ್ಡ. ಬಂಡೆಗಳ ನಡುವೆ ಬೆವರು ಸುರಿಸಿಕೊಂಡು ಹತ್ತಬೇಕು. ಹತ್ತಿದ ಮೇಲೆ ಒಂದು ಊರೇ ಎದುರಾಗುತ್ತದೆ, ಆದರೆ ಯಾರೂ ಇಲ್ಲ. ಕಲ್ಲಿನ ಚಪ್ಪಡಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಪುಟ್ಟ ಮನೆಗಳು. ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ಕಿಂಡಿ. ಎಲ್ಲ ಸೇರಿ ಸುಮಾರು 400. ಒಳಗೆ ನಾವು ಬಗ್ಗಿಕೊಂಡೇ ಹೋಗಬೇಕು. ನಾನು ತಲೆ ತಗ್ಗಿಸಿ ಒಂದರೊಳಗೆ ಕೂತೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಮಣ್ಣಿನ ಕುಂಡದ ಹಾಗೆ ತಣ್ಣಗಿತ್ತು. ಇಷ್ಟು ಚಿಕ್ಕ ಮನೆ ಕಟ್ಟಿದವರು ಕುಳ್ಳರೇ ಇರಬೇಕು ಎಂದು ಊರವರ ಲೆಕ್ಕ. ಆ ಕುಳ್ಳ ಜನರೇ ಮೋರ್ಯರು. ಒಂದು ದೊಡ್ಡ ಬಂಡೆಯ ಮೇಲೆ ಅರ್ಧಗೋಳದಂಥ ಕಲ್ಲು ಕೂಡ ಇದೆ, ಬಡಿದರೆ ನಗಾರಿಯ ಸದ್ದು. ಈ ಮನೆಗಳು ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿಗಳು ಅನ್ನುತ್ತಾರೆ ಪುರಾತತ್ವದವರು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಪುರಾತತ್ವದವರ ಮಾತು ನಿಜ. ಆದರೆ ಆ ಕಿಂಡಿಯಿಂದ ಹೊರಗೆ ಇಣುಕುವಾಗ ನನಗೆ ಮೋರ್ಯರೇ ಜಾಸ್ತಿ ನಿಜ ಅನ್ನಿಸಿದ್ದು.

ಈ ಹೆಸರುಗಳನ್ನು ಇಟ್ಟವರು ಯಾರೂ ಕವಿಗಳಲ್ಲ. ದನ ಕಾಯುವವರು, ಜೇನು ಕೀಳುವವರು, ದಾರಿ ಹೇಳಬೇಕಾಗಿದ್ದವರು. ಕಂಡದ್ದನ್ನು ಕಂಡ ಹಾಗೆ ಹೇಳಿದರು. ಬೆಟ್ಟ ಕುದುರೆ ಮುಖದ ಹಾಗಿತ್ತು, ಕುದುರೆಮುಖ. ಗುಡ್ಡ ಎತ್ತಿನ ಹೆಗಲಿನ ಹಾಗಿತ್ತು, ಎತ್ತಿನಭುಜ. ಈಗ ನಾವು ಹೆಸರಿಡುವುದನ್ನು ನೋಡಿ: ಯಾವ ಬೆಟ್ಟಕ್ಕೆ ಹೋದರೂ ಒಂದು ಸನ್‌ಸೆಟ್ ಪಾಯಿಂಟ್, ಒಂದು ವ್ಯೂ ಪಾಯಿಂಟ್. ಸೂರ್ಯ ಬೇರೆಲ್ಲೂ ಮುಳುಗುವುದೇ ಇಲ್ಲವೇನೋ!

ಇನ್ನು ನಿಮ್ಮ ಹೊಸಹಳ್ಳಿ. ಹೊಸದು ಅಂದಮೇಲೆ ಹಳೆಯದೊಂದು ಇದ್ದಿರಬೇಕಲ್ಲ? ಅದು ಎಲ್ಲಿ? ಪ್ಲೇಗು ಬಂದು ಬಿಟ್ಟರೋ, ಬಾವಿ ಬತ್ತಿ ಬಿಟ್ಟರೋ? ನಮ್ಮ ಕಂದಾಯ ದಾಖಲೆಗಳಲ್ಲಿ 'ಬೇಚಿರಾಕ್ ಗ್ರಾಮ' ಎಂಬ ಮಾತೊಂದಿದೆ, ನೋಡಿರಬಹುದು. ಜನವಸತಿ ಇಲ್ಲದ ಊರು ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತೇವೆ. ಮೂಲ ಪಾರಸಿ: ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪವಿಲ್ಲದ ಊರು. ಹೆಸರಿರುತ್ತದೆ, ಸರ್ವೆ ನಂಬರ್ ಇರುತ್ತದೆ, ಸಂಜೆ ದೀಪ ಹಚ್ಚುವವರು ಮಾತ್ರ ಇರುವುದಿಲ್ಲ. ಎಷ್ಟೋ ಕಡೆ ಒಂದು ಗುಡಿಯಷ್ಟೇ ಉಳಿದಿರುತ್ತದೆ. ಬಿಟ್ಟು ಹೋದವರ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದು ಪೂಜೆ ಮಾಡಿ, ಕತ್ತಲಾಗುವ ಮೊದಲೇ ಹೊರಟುಬಿಡುತ್ತಾರೆ.

ನಿಮ್ಮಜ್ಜಿ ಇದ್ದರೆ ಕೇಳಿ. ಇಲ್ಲವಾದರೆ ತಾಲ್ಲೂಕು ಕಚೇರಿಯಲ್ಲಿ ಹಳೆಯ ಗ್ರಾಮನಕ್ಷೆ ಸಿಗುತ್ತದೆ, ಒಂದು ಅರ್ಜಿಯ ಕೆಲಸ. ಆಮೇಲೆ ಮೊದಲ ಅಧ್ಯಾಯ ಕಳಿಸಿ, ಓದುತ್ತೇನೆ. ಅಷ್ಟಾದರೂ ನಿಮ್ಮ ರಾಜ್ಯಕ್ಕೆ ನೀವಿಟ್ಟ ಹೆಸರೇ ಬೇಕೆಂದು ಹಟ ಹಿಡಿದರೆ ನನ್ನ ಅಭ್ಯಂತರವಿಲ್ಲ. ಅದು ಝರ್ವಾನಿಯಾನೋ ಝಾರ್ವೇನಿಯವೋ ಎಂದು ಮಾತ್ರ ತಿಳಿಸಿ. ಒಂದೇ ಪತ್ರದಲ್ಲಿ ಎರಡು ಥರ ಬರೆದಿದ್ದೀರಿ. ನಮ್ಮ ಕರಡು ತಿದ್ದುವವರು ಪೆನ್ಸಿಲ್ ಹಿಡಿದು ಕಾಯುತ್ತಿದ್ದಾರೆ.

– ಸಂ.