ಮೊದಲು ಇಂಜೆಕ್ಷನ್, ಜಗಳ ಆಮೇಲೆ

ಮುಧೋಳ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಐದು ತಿಂಗಳ ಬಸುರಿ, ಚೊಚ್ಚಲು. ತಾಯಿ ಕಾರ್ಡ್ ಮಾಡಿಸುವಾಗ ತೆಗೆದ ರಕ್ತದಲ್ಲಿ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ವಿಡಿಆರ್‌ಎಲ್ ಪರೀಕ್ಷೆ ಪಾಸಿಟಿವ್ ಬಂದಿದೆ. ಗಂಡ ಗೋವಾದಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ಅವರನ್ನೂ ಕರೆತನ್ನಿ ಎಂದು ನರ್ಸ್ ಹೇಳಿದ್ದಾರೆ. ತಾನೇನೂ ತಪ್ಪು ಮಾಡಿಲ್ಲ, ಅತ್ತೆಗೆ ತಿಳಿದರೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು ಅವರ ಅಳಲು. ಏಳನೆಯ ತಿಂಗಳಲ್ಲಿ ಕುಬುಸ ಮುಗಿಸಿ ತವರಿಗೆ ಹೋದ ಮೇಲೆ ಚಿಕಿತ್ಸೆ ಪಡೆದರೆ ಆಗದೇ, ಇಲ್ಲವೇ ಗರ್ಭವನ್ನೇ ತೆಗೆಸಬೇಕೇ ಎಂದು ಕೇಳಿದ್ದಾರೆ.

ತಂಗಿ, ಈ ಕಾಯಿಲೆಯ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ. ಕುಬುಸದವರೆಗೆ ಕಾಯಲೂ ಬಾರದು. ಸಿಫಿಲಿಸ್ ವಾಸಿಯಾಗುವ ಕಾಯಿಲೆ. ಅದರ ಮದ್ದು ಬೆಂಜಥೀನ್ ಪೆನಿಸಿಲಿನ್, ಹಳೆಯದು, ಅಗ್ಗದ್ದು. ತಾಯಿಗೆ ಚುಚ್ಚಿದ ಈ ಮದ್ದು ಮಾಸಿನ ಮೂಲಕ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ. ರೋಗಾಣುವೂ ಅದೇ ದಾರಿಯಲ್ಲಿ ಮಗುವನ್ನು ಸೇರುತ್ತದೆ. ಯಾವುದು ಮೊದಲು ಮುಟ್ಟಬೇಕು ಎಂಬುದಷ್ಟೇ ಈಗಿನ ಪ್ರಶ್ನೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು, ರೋಗ ಹೊತ್ತೇ ಹುಟ್ಟಬಹುದು.

ಸೋಂಕು ತಗುಲಿ ಎಷ್ಟು ಕಾಲವಾಯಿತು ಎಂದು ತಿಳಿಯದಿದ್ದಾಗ ವಾರಕ್ಕೊಂದರಂತೆ ಮೂರು ವಾರ, ಪ್ರತಿ ಸಲ 24 ಲಕ್ಷ ಯುನಿಟ್ ಕೊಡುತ್ತಾರೆ. ಮದ್ದು ಹಾಲಿನಂತೆ ಬಿಳಿ, ಗಟ್ಟಿ. ಅದಕ್ಕೇ ಅರ್ಧರ್ಧ ಮಾಡಿ ಎರಡೂ ಪೃಷ್ಠಕ್ಕೆ ಚುಚ್ಚುವುದುಂಟು. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಇಂಜೆಕ್ಷನ್ ಆದ ದಿನ ಚಳಿಜ್ವರ, ಮೈಕೈ ನೋವು ಬರಬಹುದು. ಮದ್ದು ಒಗ್ಗಲಿಲ್ಲವೆಂದು ಹೆದರಿ ಎರಡನೆಯದನ್ನು ಬಿಡಬೇಡಿ. ಸಾಯುವ ರೋಗಾಣುಗಳು ಎಬ್ಬಿಸುವ ಜ್ವರ ಅದು. ಆದರೆ ಹೊಟ್ಟೆ ಹಿಂಡಿದಂತಾದರೆ, ಮಗುವಿನ ಅಲುಗಾಟ ಕಡಿಮೆ ಎನಿಸಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಹಿಂದೆ ಪೆನಿಸಿಲಿನ್‌ನಿಂದ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಚುಚ್ಚುವ ಮೊದಲೇ ಹೇಳಿ. ನಡುವೆ ವಾರ ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗಬಹುದು. ಚಿಕಿತ್ಸೆ ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಆರಂಭವಾಗಿರಬೇಕು. ಈ ವಾರವೇ ಹೋದರೆ ಕುಬುಸದ ಹೊತ್ತಿಗೆ ಮೂರೂ ಮುಗಿದಿರುತ್ತವೆ.

ವರದಿಯೇ ತಪ್ಪಿರಬಹುದೇ? ಇರಬಹುದು. ಬಸುರಿಯರಲ್ಲಿ ವಿಡಿಆರ್‌ಎಲ್ ಕೆಲವೊಮ್ಮೆ ಸುಳ್ಳೇ ಪಾಸಿಟಿವ್ ತೋರಿಸುವುದುಂಟು. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆಯಿಂದ ಖಚಿತವಾಗುತ್ತದೆ. ಆ ವರದಿ ಬರುವುದು ತಡವಾಗುವುದಾದರೆ ಮೊದಲ ಇಂಜೆಕ್ಷನ್ ಅದಕ್ಕಾಗಿ ಕಾಯಬೇಕಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳೂ ಆಗಿವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅವೂ ತಾಯಿಯಿಂದ ಮಗುವಿಗೆ ದಾಟುವಂಥವು, ಅವನ್ನೂ ತಡೆಯುವ ದಾರಿಯಿದೆ.

ಈಗ ನಿಮ್ಮ ಅಳಲಿನ ಮಾತು. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ಆಮೇಲೆ ವರ್ಷಗಟ್ಟಲೆ ಯಾವ ಸುಳಿವೂ ಕೊಡದೆ ರಕ್ತದಲ್ಲಿ ಅಡಗಿರುತ್ತದೆ. ಯಾರಿಂದ ಯಾರಿಗೆ ಬಂತು, ಮದುವೆಗೆ ಮೊದಲೋ ನಂತರವೋ, ಈ ವರದಿ ಹೇಳುವುದಿಲ್ಲ. ನಮ್ಮಲ್ಲಿ ಬಸುರಿಯ ರಕ್ತ ತಪ್ಪದೆ ಪರೀಕ್ಷೆಯಾಗುತ್ತದೆ, ಗಂಡನದು ಆಗುವುದಿಲ್ಲ. ಹಾಗಾಗಿ ಇಬ್ಬರಲ್ಲೂ ಇರುವ ರೋಗ ಮೊದಲು ಹೆಂಡತಿಯ ಹೆಸರಿನಲ್ಲಿ ಬರೆಯಲ್ಪಡುತ್ತದೆ. ಮೊದಲು ಸಿಕ್ಕವಳೇ ತಂದವಳು ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಅತ್ತೆಗೆ ಹೇಳಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬಸುರಿ ಆಸ್ಪತ್ರೆಗೆ ಹೋಗಲು ನೆಪ ಹುಡುಕಬೇಕಾಗಿಯೂ ಇಲ್ಲ.

ಗಂಡನಿಗೆ ಮಾತ್ರ ಹೇಳಲೇಬೇಕು. ನಿಮ್ಮೊಬ್ಬರಿಗೆ ವಾಸಿಯಾಗಿ, ಅವರು ಹಬ್ಬಕ್ಕೆ ಊರಿಗೆ ಬಂದರೆ ಸೋಂಕು ಮರಳಿ ಬರಬಹುದು, ಹೊಟ್ಟೆಯಲ್ಲಿ ಮಗು ಇರುವಾಗಲೇ. ಜಗಳ ಫೋನಿನಲ್ಲಿ ಬೇಡ. ‘ರಕ್ತದಲ್ಲಿ ಸೋಂಕು ಇದೆಯಂತೆ, ಮಗುವಿಗಾಗಿ ನೀವೂ ತೋರಿಸಿಕೊಳ್ಳಬೇಕಂತೆ’ ಎಂದರೆ ಸಾಕು. ಹೇಳಿದರೆ ಹೊಡೆಯುತ್ತಾರೆಂಬ ಭಯವಿದ್ದರೆ ಆ ಮಾತನ್ನು ಮೊದಲು ಆಸ್ಪತ್ರೆಯ ಆಪ್ತಸಮಾಲೋಚಕರ ಮುಂದೆ ಇಡಿ. ಗಂಡ ಮುಧೋಳಕ್ಕೇ ಬರಬೇಕೆಂದಿಲ್ಲ, ಗೋವಾದ ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಿಕೊಳ್ಳಬಹುದು. ಎಲ್ಲಿ ಎಂದು ತಿಳಿಯದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಲಿ, ಹೆಸರು ಹೇಳಬೇಕಾಗಿಲ್ಲ. ಇಬ್ಬರ ಚಿಕಿತ್ಸೆಯೂ ಮುಗಿದು ವೈದ್ಯರು ಸರಿ ಎನ್ನುವವರೆಗೆ ದೂರವಿರಿ, ಇಲ್ಲವೇ ಕಾಂಡೋಮ್ ಬಳಸಿ.

ಹೆರಿಗೆ ತವರಿನಲ್ಲಾದರೆ ಅಲ್ಲಿನ ವೈದ್ಯರಿಗೆ ಇದೊಂದೂ ಗೊತ್ತಿರುವುದಿಲ್ಲ. ಮೂರು ಇಂಜೆಕ್ಷನ್‌ಗಳ ತಾರೀಖು ಬರೆದ ಚೀಟಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಂಡೇ ಹೋಗಿ. ಹುಟ್ಟಿದ ಮಗು ದುಂಡಗೆ, ಗೆಲುವಾಗಿ ಕಂಡರೂ ಅದರ ರಕ್ತ ಪರೀಕ್ಷೆ ಮಾಡಿಸಿ. ಸಿಫಿಲಿಸ್‌ನ ಗುರುತು ಹುಟ್ಟಿದ ದಿನವೇ ಕಾಣಬೇಕೆಂದಿಲ್ಲ.