ಸೂರಿನ ಹಲಗೆ ಬಿಚ್ಚಿಸಲೇಬೇಕು

ನಮಸ್ಕಾರ. ಬರ್ಮಿಂಗ್‌ಹ್ಯಾಮ್‌ನ ನಿಮ್ಮ ಹಳೆಯ ಮನೆಯ ಗೋಡೆಗೆ ಹೊರಗಿನಿಂದ 100 ಮಿ.ಮೀ. ಇನ್ಸುಲೇಷನ್ (ಮನೆಯ ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ) ಹಾಕಿಸುವಾಗ, ಸೂರಿನಡಿಯ ಸೋಫಿಟ್ ಹಲಗೆಯವರೆಗೆ ತಂದು ನಿಲ್ಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ದಯವಿಟ್ಟು ಆ ಹಲಗೆ ಬಿಚ್ಚಿಸಿ, ಗೋಡೆಯ ಹೊದಿಕೆ ಮೇಲೇರಿ ಅಟ್ಟದ ಹೊದಿಕೆಯನ್ನು ಮುಟ್ಟುವಂತೆ ಮಾಡಿಸಿ. ನಡುವೆ ಸಂದು ಉಳಿದರೆ ಚಳಿಗಾಲದಲ್ಲಿ ಗೋಡೆ, ಚಾವಣಿ ಸೇರುವ ಮೂಲೆ ತಣ್ಣಗಾಗಿ, ಕೋಣೆಯ ತೇವವೆಲ್ಲ ಅಲ್ಲೇ ಕೂತು ಬೂಷ್ಟು ಹಿಡಿಯುತ್ತದೆ. ಮಕ್ಕಳು ಮಲಗುವ ಕೋಣೆ ಅದೇ ಅಂದಿರಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗೆಂದು ಅಟ್ಟಕ್ಕೆ ಗಾಳಿ ಹೋಗುವ ದಾರಿ ಮುಚ್ಚಬಾರದು. ನಿಮ್ಮಂಥ ಇಳಿಜಾರು ಮಾಡಿಗೆ ಸೂರಿನುದ್ದಕ್ಕೂ 10 ಮಿ.ಮೀ. ಅಗಲದ ಸೀಳಿಗೆ ಸಮನಾದ ತೆರಪು, ಹೆಂಚಿನಡಿಯ ಹಾಳೆಗೂ ಇನ್ಸುಲೇಷನ್‌ಗೂ ಮಧ್ಯೆ 50 ಮಿ.ಮೀ. ಬಿಡಿ.

ಕಷ್ಟ ಇರುವುದು ಗೇಬಲ್ ಬದಿಯಲ್ಲಿ, ಅಂದರೆ ಮಾಡಿನ ಇಳಿಜಾರಿನಡಿ ತ್ರಿಕೋನವಾಗಿ ಮೇಲೇರುವ ಪಕ್ಕದ ಗೋಡೆಯಲ್ಲಿ. ಅಲ್ಲಿ ಹೆಂಚು 50 ಮಿ.ಮೀ. ಮಾತ್ರ ಚಾಚಿದೆ, ಹೊದಿಕೆ ಅದನ್ನು ದಾಟಿ ಹೊರಬರುತ್ತದೆ. ಹೊದಿಕೆಯ ಮೇಲಂಚು ಮುಚ್ಚಲು ಕಂಟ್ರ್ಯಾಕ್ಟರ್ ಹೇಳಿದ ಅಲ್ಯೂಮಿನಿಯಂ ಪಟ್ಟಿಗೆ ನಾನು ಒಪ್ಪುವುದಿಲ್ಲ. ಪಟ್ಟಿಯ ಸಂದು ಮುಚ್ಚುವ ಸೀಲಂಟ್ ಅಂಟು ಬಿರುಕು ಬಿಟ್ಟ ದಿನ ನೀರು ಹೊದಿಕೆಯ ಹಿಂದೆ ಇಳಿಯುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಸ್ಕ್ಯಾಫೋಲ್ಡಿಂಗ್ ನಿಂತಿರುವಾಗಲೇ ಆ ಬದಿಯ ಮಾಡನ್ನು ಚಾಚಿಸಿ. ಗಾರೆಯ ಹೊರಮುಖಕ್ಕಿಂತ ಕನಿಷ್ಠ 40 ಮಿ.ಮೀ. ಆಚೆ ನೀರು ಬೀಳಲಿ.